ಎತ್ತಿನ ಬಂಡೆಯೂ ಮೂರನೆಯ ಮಹಡಿಯೂ

ಪಕ್ಕದ ಮನೆಯವರು ಮಹಡಿ ಎತ್ತಲು ಹೊರಟಿದ್ದಾರೆ. ಬೆಳಗಿನಿಂದ ಜೋಡಿ ಎತ್ತುಗಳು ಸುತ್ತಿ ಸುತ್ತಿ ಗಾರೆ ಅರೆಯುತ್ತಿವೆ. ಬೆಲ್ಲದ ನೀರು ಬೆರೆತ ಸುಣ್ಣದ ವಾಸನೆ ನನ್ನ ಕಾಫಿ ಲೋಟದೊಳಕ್ಕೂ ಇಳಿದಿದೆ. ನೆರೆಯವರು ಸಜ್ಜನರು. "ನಿಮ್ಮದೇನೂ ತಕರಾರಿಲ್ಲ ತಾನೆ?" ಎಂದು ಒಂದು ಕಾಗದ ಕೊಟ್ಟು ಹೋಗಿದ್ದಾರೆ. ಒಂದು ಸಹಿಗೆ ಎರಡು ದಿನ ಬೇಕೇನಯ್ಯಾ ಎಂದು ನೀವು ಕೇಳಬಹುದು. ನನಗೆ ಬೇಕು. ಗಾರೆಯ ವಾಸನೆ ಮೂಗಿಗೆ ಬಿದ್ದರೆ ನನ್ನ ಬುದ್ಧಿ ಮಾಲೂರಿನಲ್ಲಿ ನಿಲ್ಲುವುದಿಲ್ಲ, ಕೋಲಾರಕ್ಕೆ ಓಡುತ್ತದೆ.

ಯುದ್ಧದ ಕಾಲ. ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಕೆಮ್ಮುತ್ತಾ ಓಡುತ್ತಿದ್ದವು. ಅಂಥ ಎಂಟು ಬಸ್ಸುಗಳ ಯಜಮಾನರೊಬ್ಬರ ಹತ್ತಿರ ನಾನು ಗುಮಾಸ್ತ. ಅವರು ಶ್ರೀನಿವಾಸಪುರದ ಕಡೆಯವರು. ಸಿಟ್ಟಿಗೂ ಪ್ರೀತಿಗೂ ತೆಲುಗು, ಮಿಕ್ಕಿದ್ದಕ್ಕೆಲ್ಲ ಕನ್ನಡ. ಅವರಿಗೆ ಅದೇನು ಹೊಳೆಯಿತೋ, ಮೂರು ಅಂತಸ್ತಿನ ಆಫೀಸು ಕಟ್ಟಿಸಿದರು. ಅಲ್ಲಿಯವರೆಗೆ ಕೋಲಾರದಲ್ಲಿ ಎತ್ತರವೆಂದರೆ ಗುಡಿಯ ಗೋಪುರ, ಮಸೀದಿಯ ಮಿನಾರು, ಎಲ್ಲಕ್ಕೂ ಹಿಂದೆ ಬೆಟ್ಟ. ಈಗ ಎಲ್ಲಿ ನಿಂತು ನೋಡಿದರೂ ನಮ್ಮ ಆಫೀಸೇ. ರಾಯಲ್ಪಾಡಿನಿಂದ ಬಂದವರು ಬಸ್ಸಿಳಿದು ಕತ್ತೆತ್ತಿ ಅಂತಸ್ತು ಎಣಿಸುವಾಗ ರುಮಾಲು ಹಿಂದಕ್ಕೆ ಬೀಳುತ್ತಿತ್ತು. ನನ್ನ ಮೇಜು ಮೂರನೆಯ ಮಹಡಿಯಲ್ಲಿ. ನೆಲದ ಮೇಲೆ ನಡೆಯುವವರನ್ನು ಕಂಡರೆ ನನಗೆ ಸ್ವಲ್ಪ ಕನಿಕರ ಬರತೊಡಗಿತ್ತೆಂದು ಒಪ್ಪಿಕೊಳ್ಳುತ್ತೇನೆ.

ಆಫೀಸಿನ ಬೆನ್ನಿಗೇ ಅಕ್ಕಯಮ್ಮತ್ತೆಯ ಮನೆ. ಅವಳು ನನ್ನ ತಂದೆಯ ಅಕ್ಕ. ವಕ್ಕಲೇರಿಯಿಂದ ಕೆಲಸಕ್ಕೆಂದು ಬಂದ ನನಗೆ ಅನ್ನ, ನೆಲೆ ಎರಡೂ ಅವಳದೇ. ಮಾವ ಕಲ್ಲುಕುಟಿಗ, ಬೆಟ್ಟದ ಮೇಲೆ, ಕೂತ ಎತ್ತಿನಂತಿದ್ದ ಒಂದು ಬಂಡೆಯ ಬಳಿ ಅವನ ಕೆಲಸ. ಅವನು ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅತ್ತೆ ಮಾತ್ರ ಬೆಳಿಗ್ಗೆ ಹಿತ್ತಿಲಿಗೆ ಹೋಗಿ ಎತ್ತಿನ ಬಂಡೆ ನೋಡದೆ ಒಲೆ ಹಚ್ಚುತ್ತಿರಲಿಲ್ಲ, ತೊಟ್ಟು ನೀರೂ ಕುಡಿಯುತ್ತಿರಲಿಲ್ಲ. ಮಂಜು ಮುಸುಕಿದರೆ ಅದು ಹರಿಯುವ ತನಕ ಉಪವಾಸ.

ಎರಡನೆಯ ಅಂತಸ್ತು ಎದ್ದ ದಿನ ಬೆಟ್ಟ ಅರ್ಧವಾಯಿತು. ಮೂರನೆಯದು ಎದ್ದ ದಿನ ಪೂರ್ತಿ ಹೋಯಿತು. ಅತ್ತೆ ಬೀದಿಯ ಕೊನೆಯವರೆಗೆ ನಡೆದು ನೋಡಿ ಬರತೊಡಗಿದಳು. ಮಂಡಿನೋವು ಬೇರೆ. ಒಂದು ದಿನ ಚರಂಡಿಯ ಹತ್ತಿರ ಬಿದ್ದಳು. ಆಗ ನಾನು ದೊಡ್ಡ ಬುದ್ಧಿವಂತನಂತೆ ಹೇಳಿದೆ: "ಅತ್ತೆ, ನೀನು ಹಿತ್ತಿಲಾಗೇ ಇರು. ಆಫೀಸಿನ ಪಡುವಣ ಕಿಟಕೀಲಿ ನಾನು ನೋಡ್ತೀನಿ. ನೋಡಿ, ಮೂಡಣ ಕಿಟಕಿಗೆ ಬಂದು ಟವೆಲ್ ಬೀಸ್ತೀನಿ."

"ನೀನು ನೋಡಿದ್ರೆ ನಾನು ನೋಡ್ದಂಗೆ ಆಯ್ತದೇನ್ಲಾ?" ಎಂದಳು. ಯೋಚಿಸಿ, "ಆಗ್ಲಿ ಬಿಡು. ನಮ್ಮ ಕಣ್ಣೇ ತಾನೆ," ಎಂದಳು.

ಎರಡು ತಿಂಗಳು ಸರಿಯಾಗಿಯೇ ನಡೆಯಿತು. ಆಮೇಲೆ ಯಜಮಾನರು ಗಾಳಿ ಚೆನ್ನಾಗಿದೆಯೆಂದು ತಮ್ಮ ಮೇಜನ್ನು ಪಡುವಣ ಕಿಟಕಿಗೆ ಎಳೆಸಿಕೊಂಡರು. ಮೊದಲ ದಿನವೇ ಅವರ ಭುಜದ ಮೇಲಿಂದ ಇಣುಕಿದೆ. "ಏಮಯ್ಯಾ, ಬೆಟ್ಟದ ಮೇಲೆ ನಿಮ್ಮ ಮಾವ ಕೂತವ್ನಾ?" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮಾರನೆಯ ದಿನದಿಂದ ನೇರವಾಗಿ ಮೂಡಣ ಕಿಟಕಿಗೆ ಹೋಗಿ ಟವೆಲ್ ಬೀಸಿ ಕೂತೆ. ಬಂಡೆ ಎಲ್ಲಿಗೆ ಹೋದೀತು, ಹೇಳಿ! ಅತ್ತೆಯ ಸೂರಿನಿಂದ ಹೊಗೆ ಏಳುತ್ತಿತ್ತು, ನನ್ನ ಮನಸ್ಸು ಹಗುರವಾಗುತ್ತಿತ್ತು.

ಅದೇ ಬೇಸಿಗೆಯಲ್ಲಿ ಬಸ್ಸು ನಿಲ್ಲಿಸಲು ಆಫೀಸಿನ ಹಿಂದೆ, ಅತ್ತೆಯ ಹಿತ್ತಿಲಿಗೆ ಅಂಟಿದಂತೆ, ಕಲ್ಲಿನ ಗೋಡೆ ಕಟ್ಟಿದರು. ದಿನವೂ ಬೆಟ್ಟದ ಕಡೆಯಿಂದ ಗಾಡಿಗಳಲ್ಲಿ ಕಲ್ಲು ಬರುತ್ತಿತ್ತು. ಗಾಡಿಯವರಿಗೆ ಅತ್ತೆ ಮಜ್ಜಿಗೆ ಕೊಡುತ್ತಿದ್ದಳು.

ಒಂದು ದಿನ ಯಜಮಾನರು ಮುಳಬಾಗಿಲಿಗೆ ಹೋಗಿದ್ದರು. ಸುಮ್ಮನೆ ಅವರ ಕಿಟಕಿಯಲ್ಲಿ ನಿಂತೆ. ಬೆಟ್ಟದಲ್ಲಿ ಎತ್ತಿನ ಬಂಡೆ ಇರಲಿಲ್ಲ. ಬೇರೆ ಕಡೆ ನೋಡುತ್ತಿದ್ದೇನೆಯೋ ಎಂದು ಕಣ್ಣುಜ್ಜಿಕೊಂಡೆ. ಅದಿದ್ದ ಜಾಗದಲ್ಲಿ ಹೊಸದಾಗಿ ಒಡೆದ ಬಿಳಿಯ ಗಾಯ. ಮೂಡಣ ಕಿಟಕಿಗೆ ಓಡಿದೆ; ಕೆಳಗೆ ಹಿತ್ತಿಲಲ್ಲಿ ಅತ್ತೆ ಕೈಯನ್ನು ಹಣೆಗೆ ಅಡ್ಡ ಹಿಡಿದು ಕಾಯುತ್ತಿದ್ದಳು. ಬೀಸಲೋ, ಬೇಡವೋ? ಬೀಸಿದರೆ ಸುಳ್ಳು, ಬೀಸದಿದ್ದರೆ ಉಪವಾಸ. ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಮೂರೂ ಮಹಡಿ ಇಳಿದು ಹೋಗಿ ಎಲ್ಲ ಹೇಳಿದೆ. ಅಷ್ಟು ನಾಚಿಕೆ ನನಗೆ ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

"ಯಾವತ್ತಿಂದ ನೋಡಿಲ್ಲ?"

"ಯುಗಾದಿ ಆದ್ಮೇಲಿಂದ."

"ಅಷ್ಟು ದಿನ ನಾನು ಉಂಡಿದ್ದು?"

ಅವಳು ಬಾವಿಕಟ್ಟೆಯ ಮೇಲೆ ಕೂತು ಹೇಳಿದಳು. ಮಾವ ಕತ್ತಲಿರುವಾಗಲೇ ಬೆಟ್ಟ ಹತ್ತುತ್ತಿದ್ದನಂತೆ. ಆ ಬಂಡೆಯ ಮೇಲೆ ನಿಂತು ತಲೆವಸ್ತ್ರ ಬೀಸುತ್ತಿದ್ದನಂತೆ. "ಸೇರ್ದೆ, ಜಾರಿ ಬೀಳಲಿಲ್ಲ ಅಂತ ಕಣೋ. ಅದನ್ನ ನೋಡಿ ನಾನು ಎಸರಿಡ್ತಿದ್ದೆ." ಆ ದಿನ ಒಲೆ ಹೊತ್ತಲಿಲ್ಲ. ಊಟ ಕೇಳುವ ಧೈರ್ಯ ನನಗಿರಲಿಲ್ಲ, ಹಸಿವಿತ್ತು.

ಮಾರನೆಯ ಬೆಳಿಗ್ಗೆ ಅವಳು ಹಿತ್ತಿಲಿಗೆ ಹೋಗಿ ಆ ಹೊಸ ಗೋಡೆಯ ಒಂದೊಂದೇ ಕಲ್ಲನ್ನು ಅಂಗೈಯಿಂದ ಸವರುತ್ತಿದ್ದಳು. ಎತ್ತಿನ ಕಲ್ಲು ಯಾವುದು, ಬೇರೆಯದು ಯಾವುದು ಎಂದು ಯಾರು ಹೇಳಬೇಕು? ನಾನು ಅಪರಾಧಿಯಂತೆ ಹೊರಟು ನಿಂತು, "ಅತ್ತೆ, ಇನ್ನು ಟವೆಲ್ ಬೀಸೋದು ಬೇಡ ಅಲ್ವಾ?" ಎಂದೆ.

"ಅದ್ಯಾಕೆ ಬೇಡ? ಬೀಸು," ಎಂದಳು. "ಅಷ್ಟೆತ್ತರ ಹತ್ತೋನು ನೀನು. ಸೇರ್ದೆ ಅಂತ ನಂಗೆ ಗೊತ್ತಾಗ್ಬೇಡ್ವಾ?"

ಅವಳಿರುವ ತನಕ ಬೀಸಿದೆ. ಅಷ್ಟು ದಿನ ಅವಳು ಕಾದದ್ದು ಬಂಡೆಗೋ, ಮಾವನಿಗೋ, ನನಗೋ, ಇಂದಿಗೂ ತಿಳಿಯದು. ನನ್ನನ್ನು ಕ್ಷಮಿಸಿದಳೋ, ಹಂಗಿಸಿದಳೋ ಎಂಬುದೂ ಅಷ್ಟೆ.

ಈಗ ಕಾಗದ ಮಡಿಚಿಟ್ಟು ನಮ್ಮ ಹಿತ್ತಿಲಿಗೆ ಹೋದೆ. ನೆರೆಯವರ ಸೂರಿನಾಚೆ ಒಂದು ಹುಣಸೆಮರದ ನೆತ್ತಿ, ಒಂದಿಷ್ಟು ಆಕಾಶ. ನನಗಂತೂ ಏನೂ ನಷ್ಟವಿಲ್ಲ. ಸಹಿ ಹಾಕೋಣವೆಂದು ತಿರುಗಿದರೆ ನನ್ನ ಹೆಂಡತಿ ಕೊಡ ಹಿಡಿದು ನಿಂತಿದ್ದಳು, ಕಣ್ಣು ಆ ಹುಣಸೆಯ ಕಡೆಗೆ. ಹನ್ನೆರಡು ವರ್ಷದಿಂದ ಈ ಮನೆಯಲ್ಲಿದ್ದೇವೆ. ದಿನಾ ಬೆಳಿಗ್ಗೆ ಅಲ್ಲಿ ಏನು ನೋಡುತ್ತೀಯೆ ಎಂದು ಅವಳನ್ನು ನಾನು ಕೇಳಿಯೇ ಇರಲಿಲ್ಲ.