ಕಾರ್ಡಿನಲ್ಲಿ ಬರೆದ ಎರಡು ತಾರೀಖು

ಬಿಳಿಚೋಡಿನ ಆಚೆಯ ಒಂದು ಸಣ್ಣ ಹಳ್ಳಿಯಲ್ಲಿ ದುರ್ಗಾಂಬಿಕಾ ಹನ್ನೊಂದು ವರ್ಷ ನರ್ಸಾಗಿದ್ದಳು. ಗುರುವಾರ ಬಂತೆಂದರೆ ಲಸಿಕೆಯ ಡಬ್ಬಿ ಹೆಗಲಿಗೇರಿಸಿ ಅಂಗನವಾಡಿಗೆ ಬರುವಳು. ಮಕ್ಕಳನ್ನು ಕರೆತರದವರ ಮನೆಗೆ ತಾನೇ ಹೋಗಿ, ಬೈಸಿಕೊಂಡಾದರೂ ಸೂಜಿ ಹಾಕಿ ಬರುವಳು.

ಭೀಮಕ್ಕನ ಮನೆಯಲ್ಲಿ ಮಾತ್ರ ಸೋತಳು. ಮೊಮ್ಮಗಳು ಪೂಜಾಳಿಗೆ ಮೂರು ಸೂಜಿಗಳಲ್ಲಿ ಮೊದಲನೆಯದು ಹಾಕಿದಾಗ ತೊಡೆ ಊದಿ ಎರಡು ದಿನ ಜ್ವರ ಬಂದಿತ್ತು. "ಐದು ಹೆತ್ತೀನಿ, ಒಂದಕ್ಕೂ ಹಾಕ್ಸಿಲ್ಲ. ಇನ್ನೊಂದ್ಸಲ ಈ ಕೂಸು ಮುಟ್ಟಿದ್ರೆ ನೋಡ್ರಿ!" ಎಂದು ಭೀಮಕ್ಕ ಬಾಗಿಲಿಗೆ ಅಡ್ಡ ನಿಂತಳು.

ಪೂಜಾಳ ತಾಯಿ, ಸೊಸೆ ವಿಜಯಶ್ರೀ ಹಿತ್ತಲಿನಿಂದ ಬಂದು ಕೈಮುಗಿದಳು. "ಸಿಸ್ಟರ್, ಹಾಕಿದೀನಿ ಅಂತ ಬರ್ಕೊಂಡ್ಬಿಡ್ರಿ. ಮನೇಲಿ ಈ ಜಗಳ ತಡ್ಕಳಾಕೆ ಆಗಲ್ಲ." ಒಂದು ಮಗುವೂ ಬಿಟ್ಟುಹೋಗಬಾರದೆಂದು ಮೇಲಿನವರೂ ಗದರುತ್ತಿದ್ದರು. ದುರ್ಗಾಂಬಿಕಾ ಮಗುವಿನ ಲಸಿಕೆ ಕಾರ್ಡಿನಲ್ಲಿ, ಹಾಕದೆಯೇ, ಉಳಿದೆರಡು ಸೂಜಿಗಳ ತಾರೀಖು ಬರೆದಳು.

ಎರಡು ವರ್ಷ ತುಂಬುವ ಹೊತ್ತಿಗೆ ಪೂಜಾಳಿಗೆ ಗಂಟಲು ನೋವು ಬಂತು, ಕತ್ತು ಊದಿತು. ಪೇಟೆಯ ಡಾಕ್ಟರು ಕಾರ್ಡು ನೋಡಿ, ಮೂರೂ ಆಗಿವೆಯಲ್ಲ ಎಂದು ಬರೀ ಸಿರಪ್ಪು ಬರೆದುಕೊಟ್ಟರು. ಮೂರನೆಯ ದಿನ ದಾವಣಗೆರೆಯ ಆಸ್ಪತ್ರೆಯಲ್ಲಿ ಗಂಟಲೊಳಗಿನ ಬೂದು ಪೊರೆ ಕಂಡೊಡನೆ, ಆ ಮೂರು ಸೂಜಿ ತಡೆಯಬೇಕಿದ್ದ ಗಂಟಲುಮಾರಿಯೇ ಎಂದರು. ಔಷಧ ತರಿಸುವಷ್ಟರಲ್ಲಿ ಉಸಿರು ನಿಂತಿತ್ತು.

"ಮೂರು ಸೂಜಿ ಹಾಕ್ಸಿದ್ರೂ ಸತ್ತೋಯ್ತಲ್ಲ, ಇನ್ಯಾಕೆ ಹಾಕ್ಸಬೇಕು?" ಎಂದಿತು ಊರು. ಮುಂದಿನ ಗುರುವಾರ ಅಂಗನವಾಡಿಗೆ ಒಂದು ಮಗುವೂ ಬರಲಿಲ್ಲ. ದುರ್ಗಾಂಬಿಕಾ ಖಾಲಿ ಕೋಣೆಯಲ್ಲಿ ಡಬ್ಬಿ ತೆರೆಯದೆ ಕೂತಳು. ತಾನು ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ ಉಳಿಯುತ್ತದೆ. ಆದರೆ ರೋಗ ಓಣಿಯಲ್ಲೇ ಇದೆ.

ಸಂಜೆ ಭೀಮಕ್ಕನ ಜಗಲಿಯಲ್ಲಿ ನಾಲ್ಕು ಜನರೆದುರೇ ಹೇಳಿದಳು: "ಪೂಜಾಗೆ ಹಾಕಿದ್ದು ಒಂದೇ ಸೂಜಿ. ಉಳಿದೆರಡು ನಾನು ಸುಳ್ಳು ಬರೆದಿದ್ದು."

"ನಾನೇ ಬರೀರಿ ಅಂದಿದ್ದೆ," ಎಂದಳು ಹೊಸ್ತಿಲಲ್ಲಿದ್ದ ವಿಜಯಶ್ರೀ. ಭೀಮಕ್ಕ ಸೊಸೆಯ ಕಡೆ ತಿರುಗಲೂ ಇಲ್ಲ. ನರ್ಸನ್ನೇ ನೋಡುತ್ತ, "ನಾನು ಓದದೋಳು, ಬೈದೆ. ನೀವು ಓದಿದೋರು, ಬೈಸ್ಕಂಡು ಹಾಕಾಕೆ ಆಗ್ಲಿಲ್ಲೇನ್ರಿ?" ಎಂದಳು.

ದುರ್ಗಾಂಬಿಕಾ ಜಗಲಿ ಇಳಿದು ನಡೆದಳು.

ಮರುದಿನ ಮೇಲಿನವರಿಗೆ ತಪ್ಪೊಪ್ಪಿ ಬರೆದುಕೊಟ್ಟಳು, ಅಮಾನತಾಯಿತು. ವಿಜಯಶ್ರೀ ತವರಿಗೆ ಹೋದವಳು ತಿರುಗಿ ಬರಲಿಲ್ಲ. ಹೊಸ ನರ್ಸ್ ಬಂದ ಗುರುವಾರ ಒಂಬತ್ತು ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಬಂದರು. ಉಳಿದವರು ಬರಲಿಲ್ಲ. "ಅವತ್ತು ಸುಳ್ಳು ಬರ್ದೋಳು ಈಗ ಹಾಕಿದ್ದು ಒಂದೇ ಸೂಜಿ ಅಂದಿದ್ದು ನಿಜ ಅನ್ನಾಕೆ ಏನು ಗ್ಯಾರಂಟಿ?" ಎಂದರು.

ಈ ಮಾತು ಕಿವಿಗೆ ಬಿದ್ದಾಗ ದುರ್ಗಾಂಬಿಕಾ ಬಾಡಿಗೆ ಮನೆ ಖಾಲಿ ಮಾಡಿ, ಎರಡು ಚೀಲ ಹಿಡಿದು ಬಸ್ಸಿಗೆ ಕಾಯುತ್ತಿದ್ದಳು.