ಅಪ್ಪನ ಮುಷ್ಟಿಯಲ್ಲಿದ್ದ ಮೊಳೆ

ನಾನು ಚಿಕ್ಕವನಿದ್ದಾಗ ಮಸ್ಕಿ ಹತ್ತಿರದ ನಮ್ಮ ಊರಿನಲ್ಲಿ ಕುರ್ಚಿ ಇದ್ದದ್ದು ಶಾಲೆಯಲ್ಲಿ ಮಾತ್ರ, ಅದೂ ಒಂದೇ. ಅದು ಮುರಿದಾಗ ಹೆಡ್‌ಮಾಸ್ತರು ನಮ್ಮ ಅಪ್ಪನಿಗೆ ಹೊಸದು ಮಾಡಲು ಹೇಳಿದರು. ಅಪ್ಪ ಬಡಿಗ. ನೇಗಿಲು, ಬಂಡಿಗಾಲಿ ಮಾಡುವವನು. ಕುರ್ಚಿ ಅದೇ ಮೊದಲು. "ಚೊಲೋ ಬಂತಂದ್ರ ಸಾಲಿಗೆ ಇನ್ನೂ ಆರು ನಿನ್ನ ಕಡೀನ ಮಾಡಸ್ತೀನಿ" ಎಂದಿದ್ದರು ಮಾಸ್ತರು.

ಎಂಟು ದಿನ ನಮ್ಮ ಅಂಗಳದಲ್ಲಿ ಬಾಚಿಯಿಂದ ಕೆತ್ತುವ ಸದ್ದು, ಬೇವಿನ ಕಟ್ಟಿಗೆಯ ಕಹಿ ವಾಸನೆ. ಗಾಲಿ ಕೂಡಿಸುವ ಹಾಗೆಯೇ ಅಪ್ಪ ಒಂದು ಕಟ್ಟಿಗೆಯ ತುದಿಯನ್ನು ಇನ್ನೊಂದರ ತೂತಿಗೆ ಬಿಗಿಯಾಗಿ ಸೇರಿಸಿದ. ಮೊಳೆ ಇಲ್ಲ, ಬಣ್ಣ ಇಲ್ಲ, ಕೆತ್ತಿದ ಹೂವಿಲ್ಲ. ಕೊನೆಗೆ ಕುಸುಬಿ ಎಣ್ಣೆ ತಿಕ್ಕಿದ, ಅಷ್ಟೇ.

"ಕುರ್ಚಿ ಅಲ್ಲಲೇ ಅದು, ನಿಮ್ಮಪ್ಪನ ನೇಗಿಲಕ್ಕ ಕಾಲು ಬಂದಾವ" ಎಂದು ಓಣಿಯ ಹುಡುಗರು ನಕ್ಕರು. ನನಗೆ ನಾಚಿಕೆಯಾಯಿತು. ಲಿಂಗಸುಗೂರಿನ ಅಂಗಡಿಯಲ್ಲಿ ಹಿತ್ತಾಳೆ ಮೊಳೆ ಮಿಂಚುವ ಕುರ್ಚಿ ನೋಡಿದ್ದೆ. ಅಪ್ಪ ಊಟಕ್ಕೆ ಕೂತಾಗ ಹಳೆಯ ಪೆಟ್ಟಿಗೆಯಿಂದ ಅಂಥ ಎರಡು ಮೊಳೆ ಕಿತ್ತು, ಹುಣಸೆಹಣ್ಣಿನಿಂದ ತಿಕ್ಕಿ ಬೆಳಗಿ, ಕುರ್ಚಿಯ ಹಿಂಗಾಲು ಕೂಡುವ ಜಾಗದಲ್ಲಿ ಹೊಡೆದೆ. ಕಟ್ಟಿಗೆ ಚಟ್ಟೆಂದಿತು. ಕೂದಲಿನಂಥ ಬಿರುಕು. ಅದರ ಮೇಲೆ ಎಣ್ಣೆ ಸವರಿದೆ.

"ಏನ್ ಮಾಡೀಲೇ ಅಲ್ಲಿ?" ಎಂದಳು ಅಕ್ಕ.

"ಚಂದ ಕಾಣ್ಲಿ ಅಂತ" ಎಂದು ಕುರ್ಚಿಗೆ ಗೋಣಿಚೀಲ ಸುತ್ತಿಬಿಟ್ಟೆ. ಅಪ್ಪ ಹಾಗೆಯೇ ಹೊತ್ತುಕೊಂಡು ಶಾಲೆಗೆ ಹೊರಟ. ನಾವಿಬ್ಬರೂ ಹಿಂದೆ ಹೋದೆವು.

ಮಾಸ್ತರು ಕೂತರು, ಹಿಂದಕ್ಕೆ ಒರಗಿದರು. ಹಿಂಗಾಲು ಸೀಳಿತು. ಅವರು ಕೆಳಗೆ ಬಿದ್ದಾಗ ಇಡೀ ಶಾಲೆ ನಕ್ಕಿತು. ಅಪ್ಪ ಬಗ್ಗಿ ಸೀಳಿನಲ್ಲಿ ಬೆರಳಾಡಿಸಿದ. ಮೊಳೆ ಕೈಗೆ ಬಂತು. ನನ್ನನ್ನು ಒಂದು ಸಲ ನೋಡಿ, ಮುಷ್ಟಿ ಮುಚ್ಚಿಕೊಂಡ.

"ನನ್ನ ಕೈ ತಪ್ಪೈತ್ರಿ ಮಾಸ್ತರ. ಬಂಡಿ ಮಾಡಾಂವ ಕುರ್ಚಿಗೆ ಕೈ ಹಾಕಬಾರದಿತ್ತು."

ದಾರಿಯಲ್ಲಿ ಅಕ್ಕ "ಈಗರ ಹೇಳಲೇ" ಎಂದು ಚಿವುಟಿದಳು. ನಾನು ಹೇಳಲಿಲ್ಲ. ಅಪ್ಪ ಮತ್ತೆ ಕುರ್ಚಿ ಮಾಡಲಿಲ್ಲ.

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲನೆಯವನು ನಾನು. ಆ ಹೆಮ್ಮೆ ಈಗಲೂ ಇದೆ. ಪೀಠೋಪಕರಣದ ವಿನ್ಯಾಸ ಕಲಿಯಲು ಹೋದಾಗ ಗುರುಗಳು ಸ್ವೀಡನ್ ದೇಶದ ಒಂದು ಕುರ್ಚಿಯ ಚಿತ್ರ ತೋರಿಸಿದರು. ಮೊಳೆ ಇಲ್ಲ, ಬಣ್ಣ ಇಲ್ಲ, ಎಣ್ಣೆ ತಿಕ್ಕಿದ ಬರೀ ಕಟ್ಟಿಗೆ. "ಇಂಥದ್ದನ್ನು ಮೊದಲು ಯಾರಾದರೂ ನೋಡಿದ್ದೀರಾ?" ಎಂದು ಕೇಳಿದರು. ನಾನು ಕೈ ಎತ್ತಲಿಲ್ಲ. ಜೀವಮಾನವಿಡೀ ಅಂಥ ಕುರ್ಚಿಗಳನ್ನೇ ಮಾಡಿದೆ. ಜನ ಸ್ವೀಡನ್ ಮಾದರಿ ಎಂದು ಹೊಗಳಿದಾಗ ಹೌದೆಂದು ತಲೆಯಾಡಿಸಿದೆ.

ಮಕ್ಕಳೇ, ನೀವು ಓದಲು ಕೂರುವ ಕುರ್ಚಿ ಡಬ್ಬಿಯಲ್ಲಿ ಬಿಡಿಬಿಡಿಯಾಗಿ ಬರುತ್ತದೆ. ಸ್ಕ್ರೂ ಕಳೆದರೆ ಫೋನ್ ಮಾಡಿದರಾಯಿತು, ಇನ್ನೊಂದು ಕಳಿಸುತ್ತಾರೆ. ಮಾಡಿದವರ ಮುಖ ನಿಮಗೆ ಗೊತ್ತಿಲ್ಲ. ನಮ್ಮ ಕಾಲದಲ್ಲಿ ಮಾಡಿದವನು ಎದುರಿಗೇ ನಿಂತಿರುತ್ತಿದ್ದ, ಮುರಿದರೆ ಅವನ ಹೆಸರೇ ಕೆಡುತ್ತಿತ್ತು. ಮೊನ್ನೆ ನನ್ನ ಬೇವಿನ ಸ್ಟೂಲಿನ ಮೇಲೆ ಕೂತು, "ತಾತಾ, ಇದು ಎಲ್ಲಿಯ ಮಾದರಿ?" ಎಂದು ಕೇಳಿದಿರಿ. ಸ್ವೀಡನ್ ಎಂದುಬಿಟ್ಟೆ. ಅದು ಸುಳ್ಳು. ಆ ಮಾದರಿ ನಮ್ಮ ಅಪ್ಪನದು.