ಮಾತು ನಿಂತರೆ ಕಾಲೂ ನಿಲ್ಲಬೇಕು

ಹೊಸ ಬೂಟಿನ ರಬ್ಬರ್ ವಾಸನೆ ನಮ್ಮ ಪಡಸಾಲೆಯ ತುಂಬ ಹರಡಿದೆ. ಮೊನ್ನೆ ಮೊನ್ನೆ ನಿವೃತ್ತರಾದ ನಮ್ಮ ಮನೆಯವರು ದಿನಾ ಬೆಳಗ್ಗೆ ಓಡುವುದೆಂದು ತೀರ್ಮಾನಿಸಿದ್ದಾರೆ. ಅದೂ ಕಲಬುರಗಿಯ ಮೇ ತಿಂಗಳಲ್ಲಿ! ನಮ್ಮೂರಲ್ಲಿ ಇರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂದು ಹೊರಗಿನವರು ನಗುತ್ತಾರೆ. ನಗಲಿ ಬಿಡಿ, ಸುಳ್ಳೇನಲ್ಲ. ಇವರೋ ರಕ್ತದೊತ್ತಡದ ಗುಳಿಗೆ ನುಂಗುವ ಅರವತ್ತರ ಮನುಷ್ಯ. ಮೇಲಾಗಿ ಕಷ್ಟ ಹೇಳಿಕೊಳ್ಳುವ ಸ್ವಭಾವವೇ ಅಲ್ಲ. ಹಲ್ಲುನೋವು ಬಂದದ್ದು ನನಗೆ ಗೊತ್ತಾಗುವುದು ಕೆನ್ನೆ ಊದಿದ ಮೇಲೆ. ಇಂಥವರು ಬಿಸಿಲಿಗೆ ಬಿದ್ದು ಓಡಿದರೆ ಹೆದರಿಕೆ ಆಗದೇ ಇರುತ್ತದೆಯೇ, ನೀವೇ ಹೇಳಿ.

ಓಡುವ ಹುಚ್ಚು ಈ ವಂಶಕ್ಕೆ ಹೊಸದಲ್ಲ. ಎಂಬತ್ತರ ದಶಕದಲ್ಲಿ ನಾನು ಮದುವೆಯಾಗಿ ಖೂಬಾ ಪ್ಲಾಟ್ ಬಡಾವಣೆಯ ಈ ಮನೆಗೆ ಬಂದಾಗ ನನ್ನ ಮಾವನವರು ಧೋತರದ ಕಚ್ಚೆ ಬಿಗಿದು, ಕ್ಯಾನ್ವಾಸ್ ಬೂಟು ಹಾಕಿ ಕೋಟೆಯ ಸುತ್ತ ಓಡುತ್ತಿದ್ದರು. ಓಣಿಯ ನಾಯಿಗಳು ಮೊದಮೊದಲು ಬೆನ್ನಟ್ಟಿ, ಆಮೇಲೆ ಬೇಸತ್ತು ಕೈಬಿಟ್ಟಿದ್ದವಂತೆ. ಅವರ ಜೊತೆಗಾರ ಖಾದರಭಾಯಿ. ಸ್ಟೇಶನ್ ಬಜಾರಿನಲ್ಲಿ ಗಡಿಯಾರ ರಿಪೇರಿಯ ಅಂಗಡಿ ಇಟ್ಟವರು, ಮಾವನವರ ಶಾಲೆಯ ಗೆಳೆಯ. ಇಬ್ಬರೂ ಓಡುವುದಕ್ಕಿಂತ ಹೆಚ್ಚು ಮಾತಾಡುತ್ತಿದ್ದರು. ಅವರು ಬರುವುದು ಕಾಣಿಸುವ ಮೊದಲೇ ಕೇಳಿಸುತ್ತಿತ್ತು.

ಆ ವರ್ಷ ರಂಜಾನ್ ನಡು ಬೇಸಿಗೆಯಲ್ಲಿ ಬಂದಿತ್ತು. ಖಾದರಭಾಯಿ ನಸುಕಿನಲ್ಲಿ ಉಂಡು, ನಮಾಜು ಮುಗಿಸಿ, ಒಂದು ಸಣ್ಣ ನಿದ್ದೆ ತೆಗೆದು ಬರುವಷ್ಟರಲ್ಲಿ ಬಿಸಿಲು ಅಂಗಳಕ್ಕೆ ಇಳಿದಿರುತ್ತಿತ್ತು. ಗೆಳೆಯನನ್ನು ಬಿಟ್ಟು ಓಡುವುದು ಮಾವನವರಿಗೆ ಮರ್ಯಾದೆಯಲ್ಲ. ಹೀಗಾಗಿ ಓಟ ಮುಂದೆ ಮುಂದೆ ಸರಿದು ಸುಡುಬಿಸಿಲಿಗೆ ಬಂದು ನಿಂತಿತು. ಅದರಲ್ಲಿ ಒಂದು ದಿನ ಏಕಾದಶಿ. ನಮ್ಮ ಮನೆಯ ಏಕಾದಶಿ ಎಂದರೆ ಹಣ್ಣು ಹಾಲಿನದಲ್ಲ, ಹನಿ ನೀರೂ ಇಲ್ಲದ್ದು. ಒಬ್ಬರಿಗೆ ರೋಜಾ ಉಪವಾಸ, ಇನ್ನೊಬ್ಬರಿಗೆ ಏಕಾದಶಿ. ಬಾಯಿ ಒಣಗಿದ ಇಬ್ಬರು ಮುದುಕರು ಓಡಲು ಹೋದರು.

ಆಟೋದಲ್ಲಿ ವಾಪಸು ಬಂದರು. ಮಾವನವರ ಮುಖ ಸುಣ್ಣದ ಗೋಡೆಯಾಗಿತ್ತು, ಮೈಯಲ್ಲಿ ಬೆವರೇ ಇರಲಿಲ್ಲ. ಖಾದರಭಾಯಿ ಅವರನ್ನು ಮಂಚದ ಮೇಲೆ ಮಲಗಿಸಿ ತಾವೂ ಗೋಡೆಗೆ ಒರಗಿ ಕುಸಿದರು.

"ಎರಡನೇ ಸುತ್ತಿನ್ಯಾಗ ಇವರ ಮಾತು ಬಂದ್ ಆತ್ರೀ ಭಾಬಿ. ನಂದೂ ಬಂದ್ ಆತು. ನಾ ನಿಂತ್ರ ರೋಜಾ ತಡಕೊಳ್ಳಾಕ ಆಗಂಗಿಲ್ಲಂತಾರಂತ ನಾ ನಿಲ್ಲಲಿಲ್ಲ," ಎಂದರು ಅತ್ತೆಗೆ.

"ನಾನೂ ಹಂಗ..." ಎಂದರು ಮಾವನವರು, ಕಣ್ಣು ಮುಚ್ಚಿಕೊಂಡೇ.

ಅತ್ತೆ ಒದ್ದೆ ಪಂಚೆ ತಂದು ಅವರ ತಲೆ, ಎದೆಯ ಮೇಲೆ ಹಾಸಿ ನನಗೆ ನೀರು, ಸಕ್ಕರೆ, ಉಪ್ಪು ತರಲು ಹೇಳಿದರು. ಹೊಸ ಸೊಸೆ ನಾನು, ಓಡಿಹೋಗಿ ತಂದೆ. ನಮ್ಮ ಮನೆಯವರು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಆದರೆ ಮಾವನವರು ಆ ನೀರು ಕುಡಿಯಲು ಒಪ್ಪಲಿಲ್ಲ. "ಇವತ್ತ ಏಕಾದಶಿ" ಎಂದು ಮುಖ ತಿರುಗಿಸಿದರು. ಆಚಾರದಲ್ಲಿ ಅತ್ತೆಯನ್ನು ಮೀರಿಸಿದವರು ಓಣಿಯಲ್ಲೇ ಇರಲಿಲ್ಲ. ನಾನು ಅವರ ಮುಖ ನೋಡಿದೆ. ಅವರು ದೇವರ ಮನೆಗೆ ಹೋಗಿ ತೀರ್ಥದ ಬಟ್ಟಲು ತಂದರು. ಅದರಿಂದ ಒಂದು ಚಮಚ ತೆಗೆದು ನನ್ನ ಕೈಯ ತಂಬಿಗೆಗೆ ಸುರಿದರು.

"ಏಕಾದಶಿಗೆ ತೀರ್ಥ ನಡೀತದಲ್ಲ? ಇದು ತೀರ್ಥ. ತಂಬಿಗಿ ತುಂಬ ತೀರ್ಥ. ಕುಡೀರಿ."

ಮಾವನವರು ಕುಡಿದರು. ಅರ್ಧ ಕುಡಿದು ಕಣ್ಣು ಬಿಟ್ಟು, ಗೋಡೆಗೊರಗಿದ ಗೆಳೆಯನನ್ನು ನೋಡಿದರು.

"ಖಾದರ್, ಈಗ ನಿನ್ನ ಪಾಳಿ."

"ರೋಜಾ ಅದ ರಾವ್ ಸಾಹೇಬ್..."

"ಮೈಯಾಗ ಆರಾಮಿಲ್ಲದವರಿಗೆ ಮಾಫಿ ಅದ ಅಂತ ನೀವ ಹೇಳಿದ್ರಲ್ಲ ಭಾಯಿ," ಎಂದರು ಅತ್ತೆ. "ನಿಮ್ಮ ದೇವರೇನು ನಮ್ಮ ದೇವರಕಿಂತ ಕಟುಕನೇನು?"

ಖಾದರಭಾಯಿಯ ಕಣ್ಣು ತುಂಬಿದವು. "ಈ ರೋಜಾ ಹಬ್ಬ ಆದಮ್ಯಾಲ ಹಿಡೀತೀನಿ," ಎಂದು ತಂಬಿಗೆಗೆ ಕೈ ಚಾಚಿದರು. ಡಾಕ್ಟರು ಬರುವಷ್ಟರಲ್ಲಿ ಇಬ್ಬರೂ ಮೆಲ್ಲಗೆ ಮಾತಾಡುತ್ತಿದ್ದರು. ನನಗೆ ಜೀವ ಬಂದಂತಾಯಿತು.

ಇನ್ನು ಓಟ ಮುಗಿಯಿತು ಎಂದೇ ನಾವೆಲ್ಲ ಅಂದುಕೊಂಡೆವು. ಮಾವನವರು ಬೂಟನ್ನು ಅಟ್ಟಕ್ಕೆ ಹಾಕಿ, ಮಂಕಾಗಿ ಕುಳಿತುಬಿಟ್ಟರು. ಬಿಸಿಲಿಗಿಂತ ಆ ಮಂಕೇ ಅವರನ್ನು ಹೆಚ್ಚು ತಿನ್ನುತ್ತಿತ್ತು. ಹಬ್ಬ ಮುಗಿದ ಮೇಲೆ ಅತ್ತೆಯೇ ಬೂಟು ಇಳಿಸಿದರು. ಕಮಲಾಪುರದಲ್ಲಿ ಅವರ ಅಣ್ಣನ ಬಾಳೆಯ ತೋಟವಿತ್ತು, ಕೆಂಪು ಬಾಳೆಯದು. ಶನಿವಾರ ಸಂಜೆಯ ಬಸ್ಸಿಗೆ ಎಲ್ಲರೂ ಅಲ್ಲಿಗೆ ಹೋಗುವುದು, ಭಾನುವಾರ ಬೆಳಕು ಹರಿಯುವಾಗ ಇಬ್ಬರೂ ತೋಟದ ನೆರಳಿನ ದಾರಿಯಲ್ಲಿ ಓಡುವುದು ಎಂದಾಯಿತು. ಅತ್ತೆ ಬದುವಿನ ಮೇಲೆ ಮಜ್ಜಿಗೆಯ ತಂಬಿಗೆ ಇಟ್ಟುಕೊಂಡು ಕೂಡುತ್ತಿದ್ದರು. ಬಾಯಾರಿಕೆ ಇರಲಿ ಬಿಡಲಿ, ಅವರನ್ನು ದಾಟುವಾಗಲೆಲ್ಲ ಕುಡಿಯಲೇಬೇಕು. ತಲೆಯ ಮೇಲೆ ಒದ್ದೆ ಕರವಸ್ತ್ರ, ನಮ್ಮ ಕಡೆಯ ದಸ್ತಿ, ಇರಲೇಬೇಕು. ಉಪವಾಸದ ದಿನ ಓಟವಿಲ್ಲ. ಎಲ್ಲಕ್ಕಿಂತ ದೊಡ್ಡ ಕಾನೂನು ಮಾತ್ರ ಒಂದೇ.

"ಮಾತಾಡಕೋತ ಓಡ್ರಿ. ಮಾತು ನಿಂತ್ರ ಕಾಲೂ ನಿಲ್ಲಬೇಕು. ಸುಮ್ಮ ಓಡೋದು ನಂಗ ಕೇಳಿಸಿದ್ರ ಬೂಟು ಬಾವಿಗೆ!"

ಸುಮ್ಮನೆ ಓಡುವುದು ಹೇಗೆ ಕೇಳಿಸುತ್ತದೆ ಎಂದು ನಾನು ನಕ್ಕಿದ್ದೆ. ಅವರಿಗೆ ಕೇಳಿಸುತ್ತಿತ್ತು. ಆ ಇಬ್ಬರೂ ಹಾಗೆ ಹರಟುತ್ತ ಹತ್ತಾರು ಬೇಸಿಗೆ ಓಡಿದರು.

ಈಗ ಅವರಾರೂ ಇಲ್ಲ. ಇವತ್ತು ನಸುಕಿನಲ್ಲಿ ನಾನೂ ಚಪ್ಪಲಿ ಬಿಟ್ಟು ಮಗಳ ಹಳೆಯ ಬೂಟು ಹಾಕಿಕೊಂಡು ಇವರ ಜೊತೆ ಹೊರಟೆ. ಗೇಟಿನಲ್ಲೇ ಅತ್ತೆಯ ಕಾನೂನು ಹೇಳಿದೆ. ಇವರಿಗೆ ಓಟಕ್ಕಿಂತ ಅದೇ ಕಷ್ಟವಾಯಿತು. ಮೊದಲು ತೊಗರಿಯ ಧಾರಣೆ ಹೇಳಿದರು, ಆಮೇಲೆ ನಳದ ನೀರು ಬಾರದ ಸುದ್ದಿ. ಕೋಟೆಯ ಗೋಡೆ ಕಾಣುವ ಹೊತ್ತಿಗೆ ಸರಕು ತೀರಿತು. ನಿಂತುಬಿಡೋಣವೇ ಎನ್ನುವಷ್ಟರಲ್ಲಿ ರಸ್ತೆ ನೋಡುತ್ತಲೇ ಅಂದರು:

"ಆವತ್ತ ಅಪ್ಪಗ ನೀರು ತಂದಾಗ ನಿನ್ನ ಕೈ ನಡಗಾಕತ್ತಿತ್ತು. ನಂಗ ಕಾಣಿಸಿತ್ತು. ಬಂದು ಹಿಡೀಬೇಕಂತ ಅನಿಸಿತ್ತು. ಎಲ್ಲಾರೂ ಇದ್ರು, ನಾಚಿಕಿ ಬಂತು."

ನನಗೆ ಮಾತು ಹೊರಡಲಿಲ್ಲ. ಕಾನೂನಿನ ಪ್ರಕಾರ ನಾನೇ ನಿಂತೆ. ಇವರೂ ನಿಂತು, ನೀರಿನ ಬಾಟಲಿ ನನ್ನ ಕೈಗೆ ಕೊಟ್ಟು, ಆ ಕೈಯನ್ನು ಹಿಡಿದುಕೊಂಡರು.